ಆರನೇ ತಿಂಗಳು ಎತ್ತಿದ ಚೀಟಿಗೆ ಐಆರ್‌ಆರ್ ಬರುತ್ತಿಲ್ಲ, #ನಮ್! ಅನ್ನುತ್ತಿದೆ

ಕಂತುಗಾರ್ತಿ:

ಹತ್ತು ಜನ, ಹತ್ತು ತಿಂಗಳು, ಒಂದು ಲಕ್ಷದ ಚೀಟಿ. ಪೂರ್ತಿ ಕಂತು 10,000. ಕಮಿಷನ್ 5%, ಅಂದರೆ ತಿಂಗಳಿಗೆ 5,000. ಕೂಗಿನ ಮೊತ್ತದಲ್ಲಿ (ಚೀಟಿ ಎತ್ತಲು ಒಂದು ಲಕ್ಷದಲ್ಲಿ ಬಿಟ್ಟುಕೊಡುವ ಹಣ) ಕಮಿಷನ್ ಕಳೆದು ಉಳಿದದ್ದನ್ನು ಹತ್ತೂ ಜನಕ್ಕೆ ಸಮವಾಗಿ ಹಂಚುತ್ತಾರೆ. ಮುಗಿದ ಚೀಟಿಯ ಲೆಕ್ಕ:

1ನೇ ತಿಂಗಳು: ಕೂಗು 30,000, ಕಂತು 7,500
2: 28,000, ಕಂತು 7,700
3: 25,000, ಕಂತು 8,000
4: 22,000, ಕಂತು 8,300
5: 20,000, ಕಂತು 8,500
6: 17,000, ಕಂತು 8,800
7: 14,000, ಕಂತು 9,100
8: 11,000, ಕಂತು 9,400
9: 8,000, ಕಂತು 9,700
10: ಕೂಗಿಲ್ಲ, ಕಂತು 10,000, ಕೈಗೆ 95,000

ಎಕ್ಸೆಲ್‌ನಲ್ಲಿ ಒಬ್ಬೊಬ್ಬರ ಹಣದ ಹರಿವನ್ನು ಬಿ2ರಿಂದ ಬಿ11ರವರೆಗೆ ಹಾಕಿ ಐಆರ್‌ಆರ್ (ಹರಿವಿನಲ್ಲಿ ಅಡಗಿರುವ ಬಡ್ಡಿ ದರ ಹುಡುಕುವ ಸೂತ್ರ) ಕೊಟ್ಟೆ. ಕೊನೆಗೆ ಎತ್ತಿದವರಿಗೆ ತಿಂಗಳಿಗೆ 2.06%, ಮೊದಲೇ ಎತ್ತಿದವರಿಗೆ 4.9%, ಎಂಟನೇ ತಿಂಗಳಿನವರಿಗೆ 1.0% ಬಂತು. ಆರನೇ ತಿಂಗಳಿನವರಿಗೆ ಮಾತ್ರ #ನಮ್! ಅನ್ನುವ ದೋಷ. ಊಹೆಯ ಜಾಗದಲ್ಲಿ 0.01, 0.05, −0.02 ಕೊಟ್ಟರೂ ಅದೇ. ಇದೇ ಗುಂಪಿನ ಹೊಸ ಚೀಟಿ ಮುಂದಿನ ತಿಂಗಳು ಶುರುವಾಗುತ್ತೆ. ಎಲ್ಲಿಯವರೆಗೆ ಕೂಗಬಹುದು ಅಂತ ತಿಳಿಯೋಕೆ ಈ ಲೆಕ್ಕ ಬೇಕಿತ್ತು.

ಶೂನ್ಯಬಿಂದು:

ಮೊದಲು ಸಣ್ಣಪುಟ್ಟದ್ದು ನೋಡಿಬಿಡಿ ಮೇಡಂ. ಖಾಲಿ ಸೆಲ್ ಇದ್ದರೆ ಐಆರ್‌ಆರ್ ಅದನ್ನು ಸೊನ್ನೆ ಅಂತ ಓದುವುದಿಲ್ಲ, ಬಿಟ್ಟೇಬಿಡುತ್ತದೆ. ಮುಂದಿನ ಕಂತುಗಳೆಲ್ಲ ಒಂದೊಂದು ತಿಂಗಳು ಹಿಂದಕ್ಕೆ ಸರಿಯುತ್ತವೆ. ಹಣ ಓಡಾಡದ ತಿಂಗಳಿಗೆ 0 ಬರೆಯಬೇಕು. ಎತ್ತಿದ ತಿಂಗಳ ಕಂತನ್ನೂ ಕೈಗೆ ಬಂದ ಮೊತ್ತವನ್ನೂ ಒಂದೇ ಸೆಲ್‌ನಲ್ಲಿ ಕೂಡಿಸಿ ಹಾಕಿ. ಎರಡು ಸಾಲಾದರೆ ಐಆರ್‌ಆರ್‌ಗೆ ಅದು ಎರಡು ತಿಂಗಳು.

ಎಕ್ಸ್‌ಐಆರ್‌ಆರ್ (ತಾರೀಖು ಕೊಟ್ಟು ಮಾಡುವ ಐಆರ್‌ಆರ್) ಬಳಸುವವರಿಗೆ: ಕಂಪ್ಯೂಟರ್ ಅಮೆರಿಕದ ತಾರೀಖಿನ ಕ್ರಮದಲ್ಲಿದ್ದರೆ 05-08 ಅನ್ನೋದು ಮೇ 8 ಆಗುತ್ತದೆ, 15-08 ಬರೀ ಅಕ್ಷರವಾಗಿ ಕೂರುತ್ತದೆ. ಉತ್ತರ 0.00% ಅಂತ ಕಂಡರೆ ಸೆಲ್ ಫಾರ್ಮ್ಯಾಟನ್ನು ಜನರಲ್ ಮಾಡಿ ನೋಡಿ. 2.98ಇ-09 ಇದ್ದರೆ ಅದು ಬಡ್ಡಿ ದರವಲ್ಲ, ಉತ್ತರ ಸಿಗದೆ ಎಕ್ಸೆಲ್ ಕೈಚೆಲ್ಲಿದ ಗುರುತು.

ಆರನೇ ತಿಂಗಳಿನವರ ಸಾಲನ್ನು ಇಲ್ಲಿ ಹಾಕಿ.

ಕಂತುಗಾರ್ತಿ:

ಖಾಲಿ ಸೆಲ್ ಇಲ್ಲ. ಸಾಲು ಇದು: −7,500, −7,700, −8,000, −8,300, −8,500, +74,200, −9,100, −9,400, −9,700, −10,000. (83,000ದಲ್ಲಿ ಆ ತಿಂಗಳ 8,800 ಕಳೆದು 74,200.)

ನೇರಗೆರೆ:

ಸಾಲು ಸರಿಯಾಗಿದೆ, ಎಕ್ಸೆಲ್ಲೂ ಸರಿಯಾಗಿದೆ. ಈ ಹರಿವಿಗೆ ಐಆರ್‌ಆರ್ ಅನ್ನೋದೇ ಇಲ್ಲ. ಲಿಬ್ರೆಆಫೀಸ್‌ನಲ್ಲಿ ಹಾಕಿದರೂ ದೋಷ 523 ಅನ್ನುತ್ತೆ. ಊಹೆ ಬದಲಿಸುತ್ತಾ ಕೂತರೆ ಏನೂ ಸಿಗುವುದಿಲ್ಲ.

ನೀವೇ ನೋಡಬಹುದು. ಡಿ ಕಾಲಂನಲ್ಲಿ −10%ರಿಂದ 10%ವರೆಗೆ ದರಗಳನ್ನು ಇಳಿಸಿ. ಪಕ್ಕದ ಕಾಲಂನಲ್ಲಿ =ಎನ್‌ಪಿವಿ(ಡಿ2,ಬಿ$2:ಬಿ$11)*(1+ಡಿ2)^6. ಎನ್‌ಪಿವಿ ಅನ್ನೋದು ಮುಂದಿನ ಹಣವನ್ನು ಬಡ್ಡಿ ಕಳೆದು ಶುರುವಿನ ಬೆಲೆಗೆ ತರುವ ಸೂತ್ರ; ಹೀಗೆ ಗುಣಿಸಿದರೆ ಇದು ಇಡೀ ಹರಿವಿನ ಆರನೇ ತಿಂಗಳ ಬೆಲೆ. 0%ನಲ್ಲಿ −4,000, 5%ನಲ್ಲಿ −5,867, −3%ನಲ್ಲಿ −3,709. ಅದೇ ಹೆಚ್ಚುಕಡಿಮೆ ಗರಿಷ್ಠ, ಅಲ್ಲಿಂದ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಇಳಿತ. ಗೆರೆ ಎಲ್ಲೂ ಸೊನ್ನೆಯನ್ನು ಮುಟ್ಟುವುದಿಲ್ಲ. ಐಆರ್‌ಆರ್ ಹುಡುಕುವುದು ಆ ಮುಟ್ಟುವ ಬಿಂದುವನ್ನೇ.

ಕಾರಣ ಇಷ್ಟು. ಮೊದಲ ತಿಂಗಳು ಎತ್ತಿದವರು ಶುದ್ಧ ಸಾಲಗಾರರು, ಕೊನೆಗೆ ಎತ್ತಿದವರು ಶುದ್ಧ ಉಳಿತಾಯಗಾರರು. ಇಬ್ಬರ ಹರಿವಿನಲ್ಲೂ ಚಿಹ್ನೆ ಒಂದೇ ಸಲ ಬದಲಾಗುತ್ತದೆ, ಆದ್ದರಿಂದ ಒಂದೇ ಉತ್ತರ. ನಡುವೆ ಎತ್ತಿದವರು ಮೊದಲು ಕೊಡುತ್ತಾರೆ, ಒಮ್ಮೆ ಪಡೆಯುತ್ತಾರೆ, ಮತ್ತೆ ಕೊಡುತ್ತಾರೆ. ಚಿಹ್ನೆ ಎರಡು ಸಲ ಬದಲಾಯಿತು. ದರ ಏರಿದರೆ ಹಿಂದಿನ ಕಂತುಗಳ ಬೆಲೆ ಏರುತ್ತದೆ, ದರ ಇಳಿದರೆ ಮುಂದಿನ ಕಂತುಗಳ ಭಾರ ಏರುತ್ತದೆ. ಹಾಗಾಗಿ ಗೆರೆ ಯಾವಾಗಲೂ ಗುಡ್ಡದ ಆಕಾರ. ಗುಡ್ಡದ ತುದಿ ಸೊನ್ನೆಗಿಂತ ಮೇಲಿದ್ದರೆ ಎರಡು ಉತ್ತರ, ಕೆಳಗಿದ್ದರೆ ಒಂದೂ ಇಲ್ಲ.

ನಿಮ್ಮ ಎಂಟನೇ ತಿಂಗಳಿನ 1.0% ಕೂಡ ಇದೇ ಕಾಯಿಲೆಯದ್ದು. ಅಲ್ಲಿ ಊಹೆಯಾಗಿ −0.55 ಕೊಡಿ, −55.6% ಬರುತ್ತದೆ. ಎರಡೂ ಗಣಿತದ ಪ್ರಕಾರ ಸರಿ. ನನ್ನ ಮಟ್ಟಿಗೆ ಆರನೆಯದಕ್ಕಿಂತ ಈ 1.0% ಹೆಚ್ಚು ಅಪಾಯದ್ದು. ದೋಷ ತೋರಿಸುವ ಸೆಲ್ ಕನಿಷ್ಠ ಎಚ್ಚರಿಸುತ್ತದೆ, ಇದು ಸಭ್ಯ ಸಂಖ್ಯೆಯಂತೆ ಕೂತಿದೆ. ಅದು ಸಾಲದ ದರವೋ ಉಳಿತಾಯದ ದರವೋ ಹೇಳಿ ನೋಡೋಣ? ಎರಡೂ ಅಲ್ಲ.

ಬಡ್ಡಿಮೂಲ:

ಇದಕ್ಕೇ ಅಲ್ಲವೇ ಎಂಐಆರ್‌ಆರ್ (ತಿದ್ದಿದ ಐಆರ್‌ಆರ್) ಇರುವುದು? ಕೊಡುವ ಹಣಕ್ಕೊಂದು, ಬಂದ ಹಣಕ್ಕೊಂದು ಅಂತ ಎರಡು ದರ ಕೊಟ್ಟರೆ ಯಾವಾಗಲೂ ಒಂದೇ ಉತ್ತರ.

ನೇರಗೆರೆ:

ಉತ್ತರ ಬರುತ್ತದೆ ಸರ್, ಕೆಲಸಕ್ಕೆ ಬರುವುದಿಲ್ಲ. ಎಂಐಆರ್‌ಆರ್ ಋಣ ಹರಿವುಗಳನ್ನೆಲ್ಲ ಒಟ್ಟಿಗೆ ಮೊದಲ ತಿಂಗಳಿಗೂ ಧನ ಹರಿವುಗಳನ್ನು ಕೊನೆಯ ತಿಂಗಳಿಗೂ ತಳ್ಳುತ್ತದೆ. ಎತ್ತುವ ಮೊದಲು ಕೂಡಿಟ್ಟ ಕಂತು, ಎತ್ತಿದ ಮೇಲೆ ತೀರಿಸಿದ ಕಂತು, ಎರಡೂ ಒಂದೇ ರಾಶಿ. ಎರಡೂ ದರ 0.5% ಕೊಟ್ಟರೆ ಆರನೇ ತಿಂಗಳಿನವರಿಗೆ −0.10% ಬರುತ್ತದೆ. ಸಾಲ ದುಬಾರಿಯಾಯಿತೇ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

ಹರಿವನ್ನು ಎತ್ತಿದ ತಿಂಗಳಲ್ಲಿ ಸೀಳಿ. ಮೊದಲ ಐದು ಕಂತುಗಳನ್ನು ಬ್ಯಾಂಕ್ ಆರ್‌ಡಿಯಲ್ಲಿ ತಿಂಗಳಿಗೆ 0.5%ಕ್ಕೆ ಇಟ್ಟಿದ್ದರೆ ಆರನೇ ತಿಂಗಳಿಗೆ 40,591 ಆಗುತ್ತಿತ್ತು. ಕೈಗೆ ಬಂದದ್ದು 74,200. ಹೆಚ್ಚುವರಿ 33,609 ಮಾತ್ರ ನಿಜವಾದ ಸಾಲ. ಈಗ +33,609, −9,100, −9,400, −9,700, −10,000 ಹಾಕಿ ಐಆರ್‌ಆರ್ ಕೊಡಿ. ಚಿಹ್ನೆ ಒಂದೇ ಸಲ ಬದಲಾಗುವುದರಿಂದ ಒಂದೇ ಉತ್ತರ: ತಿಂಗಳಿಗೆ 5.24%. ಮೊದಲ ತಿಂಗಳು ಎತ್ತಿದವರ ಸಾಲಕ್ಕಿಂತಲೂ ದುಬಾರಿ.

ಕಂತುಗಾರ್ತಿ:

ಹಾಗಾದರೆ ಆರನೇ ತಿಂಗಳು ಕೂಗುವುದೇ ನಷ್ಟವೇ? ಬ್ಯಾಂಕ್ ಸಾಲ ನಮಗೆ ವರ್ಷಕ್ಕೆ 15%ಕ್ಕೆ ಸಿಗುತ್ತದೆ.

ನೇರಗೆರೆ:

5.24% ಅನ್ನುವುದು ಚೀಟಿಗೆ ಸೇರಿ ನಡುವೆ ಎತ್ತುವ ಇಡೀ ಯೋಜನೆಯ ಬೆಲೆ. ಸೇರಬೇಕೇ ಬೇಡವೇ ಅನ್ನೋವಾಗ ಅದನ್ನು ನೋಡಿ. ಕೂಗಿಗೆ ಕೂತಾಗ ಪ್ರಶ್ನೆ ಬೇರೆ. ಆಗಲೇ ಕಟ್ಟಿದ ಕಂತು ಹೋಯಿತು, ಮುಂದಿನ ಕಂತನ್ನು ಎತ್ತಿದರೂ ಎತ್ತದಿದ್ದರೂ ಕಟ್ಟಲೇಬೇಕು. ಎರಡು ಆಯ್ಕೆಗಳನ್ನು ಕಳೆದರೆ ಕಂತುಗಳೆಲ್ಲ ಹೊಡೆದುಹೋಗಿ ಉಳಿಯುವುದು ಇಷ್ಟೇ: ಈಗ 83,000, ಅಥವಾ ನಾಲ್ಕು ತಿಂಗಳ ನಂತರ 95,000.

(95,000/83,000)^(1/4)−1 = 3.43%. ಐಆರ್‌ಆರ್ ಗೊಡವೆಯೇ ಇಲ್ಲ. ಮೊದಲ ತಿಂಗಳಿಗೆ ಹೀಗೇ ಮಾಡಿದರೆ 3.45%, ಐದಕ್ಕೆ 3.50%, ಎಂಟಕ್ಕೆ 3.32%. ನಿಮ್ಮ ಗುಂಪು ಉದ್ದಕ್ಕೂ ಸುಮಾರು ಮೂರೂವರೆ ರೂಪಾಯಿ ಬಡ್ಡಿಯ ಲೆಕ್ಕದಲ್ಲಿ ಕೂಗಿದೆ.

ಇದನ್ನೇ ತಿರುಗಿಸಿದರೆ ಗರಿಷ್ಠ ಕೂಗು:
1,00,000 − 95,000/(1+ದರ)^(ಉಳಿದ ತಿಂಗಳು)

ಬ್ಯಾಂಕಿನ 15% ಅಂದರೆ ತಿಂಗಳಿಗೆ 1.25%. ಮೊದಲ ತಿಂಗಳು 15,049 ದಾಟಬೇಡಿ, ಆರನೇ ತಿಂಗಳು 9,605. ಕೈಸಾಲ ಬಿಟ್ಟರೆ ಗತಿಯಿಲ್ಲ, ಮೂರು ರೂಪಾಯಿ ಬಡ್ಡಿ ಅನ್ನುವವರಿಗೆ ಮಿತಿ 27,190 ಮತ್ತು 15,594. ಅಂದರೆ ಆ 30,000 ಕೂಗು ಕೈಸಾಲಕ್ಕಿಂತಲೂ ದುಬಾರಿಯಾಗಿತ್ತು.

ಶೂನ್ಯಬಿಂದು:

ಒಂದು ಅನುಮಾನ. ನಾನು ಹೆಚ್ಚು ಕೂಗಿದರೆ ಅದರ ಹತ್ತನೇ ಒಂದು ಭಾಗ ಡಿವಿಡೆಂಡಾಗಿ ನನಗೇ ಬರುತ್ತದಲ್ಲ, ಅದು ಎಲ್ಲಿ ಹೋಯಿತು?

ನೇರಗೆರೆ:

ಬಹಿರಂಗ ಕೂಗಿನಲ್ಲಿ ನೀವು 17,000ಕ್ಕೆ ನಿಂತರೆ ಎದುರಿನವರು ಅದರ ಹತ್ತಿರದಲ್ಲೇ ಬಿಟ್ಟಿರುತ್ತಾರೆ. ನೀವು ಬಿಟ್ಟಿದ್ದರೂ ಅಷ್ಟೇ ಡಿವಿಡೆಂಡ್ ಬರುತ್ತಿತ್ತು, ಹಾಗಾಗಿ ಅದೂ ಹೊಡೆದುಹೋಗುತ್ತದೆ. ಎದುರಾಳಿಯೇ ಇಲ್ಲದೆ ನಿಮ್ಮಷ್ಟಕ್ಕೆ ಏರಿಸಿಕೊಂಡರೆ ಮಾತ್ರ ಅದನ್ನು ಬೇರೆ ಎಣಿಸಬೇಕು, ಹಾಗೆ ಏರಿಸುವವರು ಯಾರೂ ಇಲ್ಲ.

ಇನ್ನೊಂದು. ಈ ಸೂತ್ರ ಚೀಟಿ ಕೊನೆಯವರೆಗೂ ನಡೆಯುತ್ತದೆ ಎಂದುಕೊಂಡಿದೆ. ಕೊನೆಯ 95,000 ಸಿಗದೇ ಹೋಗುವ ಸಂಭವ 5% ಅನಿಸಿದರೆ ಆ ಜಾಗದಲ್ಲಿ 90,250 ಹಾಕಿ. 1.25% ದರದಲ್ಲಿ ಆರನೇ ತಿಂಗಳ ಮಿತಿ 9,605ರಿಂದ 14,125ಕ್ಕೆ ಏರುತ್ತದೆ. ನೋಂದಣಿ ಇಲ್ಲದ ಚೀಟಿಗಳಲ್ಲಿ ಜನ ಮೊದಮೊದಲು ಜೋರಾಗಿ ಕೂಗುವುದು ಬರೀ ಅವಿವೇಕ ಅಲ್ಲ.

ಕಂತುಗಾರ್ತಿ:

ಹೊಸ ಚೀಟಿಯಲ್ಲಿ ಕಮಿಷನ್ 7% ಅಂತಿದ್ದಾರೆ. ಸೂತ್ರದಲ್ಲಿ ಏನು ಬದಲಿಸಬೇಕು?

ಬಡ್ಡಿಮೂಲ:

1982ರ ಚಿಟ್ ಫಂಡ್ ಕಾಯ್ದೆಯಲ್ಲಿ ಫೋರ್‌ಮನ್ (ಚೀಟಿ ನಡೆಸುವವರ) ಕಮಿಷನ್‌ಗೆ 5% ಮಿತಿ ಇತ್ತು, 2019ರ ತಿದ್ದುಪಡಿಯಲ್ಲಿ 7% ಆಯಿತು. ಹಾಗಾಗಿ ಕೇಳುವುದರಲ್ಲಿ ತಪ್ಪಿಲ್ಲ. ಕಮಿಷನ್ ಮೇಲಿನ ಜಿಎಸ್‌ಟಿಯನ್ನು ಯಾರ ತಲೆಗೆ ಹಾಕುತ್ತಾರೆ ಅಂತಲೂ ಕೇಳಿಟ್ಟುಕೊಳ್ಳಿ.

ನೇರಗೆರೆ:

95,000 ಇದ್ದಲ್ಲಿ 93,000 ಹಾಕಿ. ಆರನೇ ತಿಂಗಳ ಮಿತಿ 1.25%ಕ್ಕೆ 11,508 ಆಗುತ್ತದೆ. ಆ ಅಂಕಿಯನ್ನು ಸೂತ್ರದೊಳಗೆ ಬರೆಯದೆ ಬೇರೆ ಸೆಲ್‌ನಲ್ಲಿಡಿ, ಜಿಎಸ್‌ಟಿ ಸೇರಿದರೆ ಅಲ್ಲೇ ತಿದ್ದಬಹುದು.

ಸಾಲಗಾರರಿಗಿಂತ ಕೊನೆಗೆ ಎತ್ತುವವರಿಗೆ ಪೆಟ್ಟು ಜೋರು. ಇದೇ ಕೂಗುಗಳಿದ್ದು ಕಮಿಷನ್ 7% ಆದರೆ ಮೊದಲ ಒಂಬತ್ತು ಕಂತೂ 200 ರೂಪಾಯಿ ಏರುತ್ತದೆ, ಕೊನೆಯಲ್ಲಿ 2,000 ಕಡಿಮೆ ಸಿಗುತ್ತದೆ. 8,000 ಇದ್ದ ಲಾಭ 4,200ಕ್ಕೆ ಇಳಿಯುತ್ತದೆ. ತಿಂಗಳ 2.06% ದರ 1.08%ಕ್ಕೆ ಬರುತ್ತದೆ. ವರ್ಷಕ್ಕೆ ಮಾಡುವಾಗ 12ರಿಂದ ಗುಣಿಸಬೇಡಿ, (1+ದರ)^12−1 ಮಾಡಿ: 27.7% ಇದ್ದದ್ದು 13.8%. ಎಕ್ಸ್‌ಐಆರ್‌ಆರ್ ಕೊಡುವುದೂ ಈ ವಾರ್ಷಿಕ ದರವನ್ನೇ, ಅದನ್ನು ಐಆರ್‌ಆರ್‌ನ ತಿಂಗಳ ದರದ ಪಕ್ಕ ಇಟ್ಟು ಹೋಲಿಸಬೇಡಿ.