ಬದಲಿಸುವ ಪೋರ್ಟ್ ಬ್ಲಾಕ್: ಸಕ್ಷನ್ ಕಡೆ ಗಾಳಿ ಎಳೆಯುತ್ತಿದೆ

ಪ್ರಶ್ನೆ:
ಗೇರ್ ಪಂಪಿನ ಸಕ್ಷನ್ (ಎಣ್ಣೆ ಎಳೆದುಕೊಳ್ಳುವ) ಕಡೆ ಥ್ರೆಡ್ ಇರುವ ಪೋರ್ಟ್ ಬ್ಲಾಕ್ (ಪಂಪಿಗೆ ಪೈಪ್ ಜೋಡಿಸುವ ತುಂಡು) ತೆಗೆದು ಫ್ಲೇಂಜ್ (ಚಪ್ಪಟೆ ಅಂಚಿಗೆ ಬೋಲ್ಟ್ ಬಿಗಿಯುವ) ಬ್ಲಾಕ್ ಹಾಕಿದ ಮೇಲೆ ಪಂಪ್ ಗರಗರ ಅನ್ನುತ್ತಿದೆ, ಟ್ಯಾಂಕಿನಲ್ಲಿ ನೊರೆ. ಆದರೆ ಹೊರಗೆ ಒಂದು ಹನಿ ಎಣ್ಣೆಯೂ ಇಲ್ಲ. ಎಲ್ಲಿಂದ ಹುಡುಕಲಿ?

ಉತ್ತರ 1:
ಹನಿ ಕಾಣುವುದಿಲ್ಲ. ಸಕ್ಷನ್‌ನಲ್ಲಿ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ, ಹಾಗಾಗಿ ಎಣ್ಣೆ ಹೊರಬರುವ ಬದಲು ಗಾಳಿ ಒಳಗೆ ಹೋಗುತ್ತೆ. ಪಂಪ್ ಓಡುತ್ತಿರುವಾಗ ಬ್ಲಾಕಿನ ಸಂದಿಗೆ ಸ್ವಲ್ಪಸ್ವಲ್ಪವಾಗಿ ಗ್ರೀಸ್ ಬಳಿಯುತ್ತಾ ಹೋಗಿ (ಪಂಪನ್ನು ಮೋಟಾರಿಗೆ ಜೋಡಿಸುವ, ತಿರುಗುತ್ತಿರುವ ಕಪ್ಲಿಂಗ್‌ನಿಂದ ಕೈ ದೂರ ಇರಲಿ). ಎಲ್ಲಿ ಬಳಿದಾಗ ಸದ್ದು ತಗ್ಗುತ್ತೋ ಅಲ್ಲೇ ತೂತು. ಆಮೇಲೆ ಪಂಪ್ ನಿಲ್ಲಿಸಿ, ಬಿಚ್ಚಿ, ಓ-ರಿಂಗ್ (ಸಂದಿ ಮುಚ್ಚುವ ರಬ್ಬರ್ ಬಳೆ) ನೋಡಿ. ಒಂದೇ ಬದಿ ಚಪ್ಪಟೆಯಾಗಿದ್ದರೆ ಬ್ಲಾಕ್ ಓರೆಯಾಗಿ ಕೂತಿದೆ ಎಂದರ್ಥ. ಹೊಸ ರಿಂಗಿಗೆ ಅದೇ ಎಣ್ಣೆ ಸವರಿ ಕೂರಿಸಿ, 4 ಬೋಲ್ಟನ್ನೂ ಮೊದಲು ಕೈಯಲ್ಲೇ ತಿರುಗಿಸಿ, ನಂತರ ಕರ್ಣದ ಕ್ರಮದಲ್ಲಿ 3 ಹಂತದಲ್ಲಿ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಎದುರು ಬದಿ ಎದ್ದೇಳುತ್ತೆ.

ಉತ್ತರ 2:
ಪೈಪಿನ ಎಳೆತವನ್ನೂ ನೋಡಿ, ನನ್ನ ಪ್ರಕಾರ ಇದೇ ಹೆಚ್ಚಾಗಿ ತಪ್ಪಿಹೋಗುತ್ತೆ. ಬೋಲ್ಟ್ ಸಡಿಲಿಸಿದ ಕೂಡಲೇ ಫ್ಲೇಂಜ್ ಪಕ್ಕಕ್ಕೆ ಜಾರಿದರೆ ಎಷ್ಟು ಓ-ರಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ಪೈಪ್ ಸರಿಪಡಿಸಿ, ಪಂಪಿನ ಹತ್ತಿರವೇ ಆಸರೆ ಕೊಡಿ. ಮಿನರಲ್ ಎಣ್ಣೆಗೆ ನೈಟ್ರೈಲ್ ರಬ್ಬರಿನ ರಿಂಗ್ ಹಾಕಿ, ಇಪಿಡಿಎಂ ಎಂಬ ರಬ್ಬರ್ ಅದರಲ್ಲಿ ಊದಿಕೊಳ್ಳುತ್ತೆ.

ಉತ್ತರ 3:
ಮುಂದೆ ಥ್ರೆಡ್ ಬ್ಲಾಕಿಗೇ ಮರಳಿದರೆ ಒಂದು ಎಚ್ಚರಿಕೆ. 1/2 ಮತ್ತು 3/4 ಇಂಚಿನಲ್ಲಿ ಬಿಎಸ್‌ಪಿ, ಎನ್‌ಪಿಟಿ ಎಂಬ ಎರಡು ಬಗೆಯ ಪೈಪ್ ಥ್ರೆಡ್‌ಗಳಿಗೂ ಇಂಚಿಗೆ 14 ಥ್ರೆಡ್. ಒಂದರೊಳಗೊಂದು ತಿರುಗಿ ಕೂರುತ್ತವೆ, ಆದರೆ ಥ್ರೆಡ್ಡಿನ ಕೋನ ಬೇರೆ: ಬಿಎಸ್‌ಪಿಗೆ 55, ಎನ್‌ಪಿಟಿಗೆ 60 ಡಿಗ್ರಿ. ಎಷ್ಟು ಟೇಪ್ ಸುತ್ತಿದರೂ ಗಾಳಿ ನಿಲ್ಲದು.