ಪುಟ್ಟಿ ಕಳಿಸಿದ ಹಾಡಿಗೆ ದೊಡ್ಡಪ್ಪನ ಉತ್ತರ

ಪುಟ್ಟೀ, ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ್ದ ಹವಾಯಿ ಹಾಡು ಕೇಳಿದೆ. ‘ಅಲೋಹಾ ಓಯೆ’. ‘ರಾಜ್ಯ ಕಳ್ಕೊಂಡ ರಾಣಿ ತನ್ನ ನಾಡಿಗೆ ವಿದಾಯ ಹೇಳಿ ಬರೆದದ್ದಂತೆ, ನಿಜಾನಾ ದೊಡ್ಡಪ್ಪ?’ ಅಂತ ಕೇಳಿದ್ದೀಯ. ಟೈಪ್ ಮಾಡೋಕೆ ಕಣ್ಣು ಸಾಲದು, ಅದಕ್ಕೇ ಮಾತಾಡ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ. ಮೇಷ್ಟ್ರಾಗಿದ್ದವನನ್ನು ಇತಿಹಾಸ ಕೇಳಿದರೆ ಇದೇ ಗತಿ.

ಬರೆದದ್ದು ರಾಣಿಯೇ, ಲಿಲಿಯುಓಕಲಾನಿ. ಆದರೆ ಬರೆದಾಗ ಅವಳಿನ್ನೂ ರಾಜಕುಮಾರಿ, ಏನೂ ಕಳ್ಕೊಂಡಿರಲಿಲ್ಲ. 1878ರ ಸುಮಾರಿನ ಮಾತು. ಓಆಹು ದ್ವೀಪದ ಮೌನವಿಲಿಗೆ ಕುದುರೆ ಮೇಲೆ ಹೋಗಿದ್ದರು. ವಾಪಸ್ ಹೊರಡುವಾಗ, ಜೊತೆಗೆ ಬಂದಿದ್ದ ಒಬ್ಬನನ್ನು ಅಲ್ಲಿನ ಹುಡುಗಿ ಅಪ್ಪಿಕೊಂಡು ಕಳಿಸಿದ್ದನ್ನು ನೋಡಿದಳಂತೆ. ಅದರಿಂದ ಹುಟ್ಟಿದ ಹಾಡು. ಪ್ರೀತಿಸಿದವರು ಅಗಲುವ ಹಾಡು, ಅಷ್ಟೇ. ಅದರಲ್ಲಿ ರಾಜ್ಯದ ಸುದ್ದಿಯೇ ಇಲ್ಲ. ಬೆಟ್ಟ ಸವರಿಕೊಂಡು ಜಂಬದಿಂದ ಹೋಗುವ ಮಳೆ ಇದೆ, ಕಣಿವೆಯ ಲೆಹುವಾ ಹೂ ಇದೆ. (ನಮ್ಮ ಕೋಲಾರದ ಮಳೆಗೂ ಜಂಬ ಜಾಸ್ತಿ, ಆದರೆ ಅದು ಬರದೇ ಇರೋ ಜಂಬ.)

1891ರಲ್ಲಿ ಪಟ್ಟಕ್ಕೆ ಬಂದಳು. ಎರಡು ವರ್ಷವೂ ತುಂಬಲಿಲ್ಲ. 1893ರ ಜನವರಿಯಲ್ಲಿ ಅಲ್ಲಿ ನೆಲೆಸಿದ್ದ ಬಿಳಿಯ ವ್ಯಾಪಾರಿಗಳು, ವಕೀಲರು ಸೇರಿ ಇಳಿಸಿಬಿಟ್ಟರು. ಅಮೆರಿಕದ ನೌಕಾಪಡೆಯವರು ಬೇರೆ ಬಂದೂಕು ಹಿಡಿದು ದಡಕ್ಕಿಳಿದಿದ್ದರು. 1895ರಲ್ಲಿ ಅವಳದ್ದೇ ಅರಮನೆಯ ಒಂದು ಕೋಣೆಯಲ್ಲಿ ಅವಳನ್ನು ಕೂಡಿಹಾಕಿದರು. ಅಲ್ಲಿ ಕೂತು ಈ ಹಳೇ ಹಾಡನ್ನು ಕಾಗದಕ್ಕೆ ಇಳಿಸಿದಳು. 1898ರಲ್ಲಿ ದ್ವೀಪಗಳೆಲ್ಲ ಅಮೆರಿಕದ ಪಾಲು. ಆಮೇಲೆ ಆ ಹಾಡನ್ನು ಪ್ರೇಮದ ಹಾಡು ಅಂತ ಮಾತ್ರ ಕೇಳೋಕೆ ಹೇಗಾಗುತ್ತೆ, ಹೇಳು? ನಮ್ಮಲ್ಲಿ ಹೆಣ್ಣು ಒಪ್ಪಿಸುವ ಹಾಡು ಶುರುವಾದರೆ ಅಳೋದು ಮದುಮಗಳೊಬ್ಬಳೇ ಅಲ್ಲ ಅಲ್ವಾ? ಸುತ್ತ ನಿಂತ ಹೆಂಗಸರೆಲ್ಲ ಅವರವರ ತವರು ನೆನೆದು ಸೆರಗು ಒದ್ದೆ ಮಾಡ್ಕೊಳ್ತಾರೆ. ಹಾಗೇ ಇದು.

ಇನ್ನು ‘ಅಲೋಹಾ’. ಬಂದವರಿಗೂ ಅದೇ ಮಾತು, ಹೊರಟವರಿಗೂ ಅದೇ. ಪ್ರೀತಿ ಅಂತಲೂ ಅರ್ಥ. ‘ಓಯೆ’ ಅಂದ್ರೆ ನೀನು. ಪಲ್ಲವಿ ಮುಗಿಯೋದು ‘ಮತ್ತೆ ಸೇರುವ ತನಕ’ ಅಂತ. ನನ್ನನ್ನು ಕೇಳಿದರೆ ‘ವಿದಾಯ’ ಅನ್ನೋದು ಇದಕ್ಕೆ ಒಗ್ಗದ ಮಾತು. ನಮ್ಮ ‘ಹೋಗಿಬರ್ತೀನಿ’ ಸರಿಯಾಗಿ ಕೂರುತ್ತೆ. ಚಿಕ್ಕಂದಿನಲ್ಲಿ ‘ಹೋಗ್ತೀನಿ’ ಅಂದರೆ ನಿಮ್ಮಜ್ಜಿ ಹೊಸಲಿನಿಂದ ವಾಪಸ್ ಕರೆದು ಸರಿಯಾಗಿ ಹೇಳಿಸಿ ಕಳಿಸ್ತಿದ್ದಳು.

ನರಸಾಪುರದ ಹತ್ತಿರ ನಮ್ಮ ಹೊಲ ಫ್ಯಾಕ್ಟರಿಗೆ ಹೋದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ಕೊನೇ ಸಲ ನೋಡಿಬರೋಣ ಅಂತ ಅಜ್ಜಿಯನ್ನು ಕರ್ಕೊಂಡು ಹೋದೆ. ಬಾವಿ ಬತ್ತಿ ಎಷ್ಟೋ ವರ್ಷ ಆಗಿತ್ತು. ಆದರೂ ರಾಟೆ ಬಿಚ್ಚಿಕೊಡು ಅಂದಳು. ಮೊಳೆ ತುಕ್ಕು ಹಿಡಿದು, ಕೈ ಕೊಯ್ದುಕೊಂಡು ಬಿಚ್ಚಿದೆ. ಮಡಿಲಲ್ಲಿ ಇಟ್ಕೊಂಡು ಬಾವಿಕಟ್ಟೆ ಮುಟ್ಟಿ, ‘ಹೋಗಿಬರ್ತೀನಮ್ಮ’ ಅಂದಳು. ‘ಇನ್ನೆಲ್ಲಿಗೆ ಬರ್ತೀಯ, ಹತ್ತು ಗಾಡಿಗೆ’ ಅಂದೆ. ಸುಮ್ನೆ ಇರಬೇಕಿತ್ತು ನಾನು. ಹಿಂತಿರುಗಿಯೂ ನೋಡಲಿಲ್ಲ ಅವಳು.

ಮಹಡಿ ಮೇಲೆ ನೀರಿನ ಟ್ಯಾಂಕ್ ಪಕ್ಕ ಬಿದ್ದಿರೋದು ಅದೇ ರಾಟೆ. ನಿಮ್ಮಪ್ಪ ಗುಜರಿಗೆ ಹಾಕ್ತೀನಿ ಅಂತಿದ್ದ. ಬೇಡ ಅಂತ ಹೇಳು.