ಬೀಡಿ ಬಿಡುವವರ ಅಧ್ಯಯನ: ಮನೆ ಮನೆಗೆ ಹೋಗುವವರಿಗೆ ಏನು ಕಲಿಸಬೇಕು?

ಬದಿಯಡ್ಕದ ಸಂಶೋಧಕಿ:
ನಮ್ಮ ಕಾಸರಗೋಡು ಕಡೆಯ ಬಡ ಕುಟುಂಬಗಳಲ್ಲಿ, ಕೊರಗ ಬುಡಕಟ್ಟು ಸಮುದಾಯದ ಹಿರಿಯರಲ್ಲಿ ಮತ್ತು ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಧೂಮಪಾನದ ಬಗ್ಗೆ ಅಧ್ಯಯನ ಆರಂಭಿಸಿದ್ದೇವೆ. ಮಾಹಿತಿ ಸಂಗ್ರಹಿಸಲು ಬಂದವರು ಸಮಾಜಕಾರ್ಯ ಓದಿದ ಹುಡುಗ ಹುಡುಗಿಯರು. ಕನ್ನಡ, ತುಳು, ಮಲಯಾಳ ಬಲ್ಲವರು. ತರಬೇತಿಗೆ ಎರಡೇ ದಿನ. ಪ್ರಾಯೋಗಿಕವಾಗಿ ಕೇಳಿದಾಗ ಹೆಚ್ಚಿನವರು ‘ಬಿಟ್ಟಾಯಿತು’ ಎಂದರು. ಜೇಬಿನಲ್ಲಿ ಬೀಡಿ ಕಟ್ಟು ಕಾಣುತ್ತಿತ್ತು. ಹಲವು ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿಯೇ ಸಂಸಾರ ನಡೆಸುತ್ತಾರೆ, ಅಲ್ಲಿ ಮಾತು ತೆಗೆಯುವುದೇ ಮುಜುಗರ. ಮೇಲಿನವರೋ ‘ಕೇರಳದಲ್ಲಿ ತಂಬಾಕು ಬಳಸುವವರು ಶೇ. 12.7 ಮಾತ್ರ, ಇಷ್ಟು ತಲೆಬಿಸಿ ಯಾಕೆ’ ಎನ್ನುತ್ತಾರೆ.

ಮುಳ್ಳೇರಿಯ ನಿವೃತ್ತ ಆರೋಗ್ಯ ನಿರೀಕ್ಷಕ:
ಮಗಳೇ, ಆ 12.7 ಎಂಬುದು 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯದು. ಕರ್ನಾಟಕದ್ದು 22.8. ಅದು ಮನೆಗಳ ಸಮೀಕ್ಷೆ. ಆಸ್ಪತ್ರೆಯಲ್ಲೋ ಆಶ್ರಯಧಾಮದಲ್ಲೋ ವರ್ಷಗಟ್ಟಲೆ ಇರುವವರು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಮೇಲಿನವರಿಗೆ ಇಷ್ಟು ಸಾಕು.

ಹುಡುಗರಿಗೆ ಮೊದಲು ಕಲಿಸಬೇಕಾದದ್ದು ಉಪದೇಶ ಮಾಡದೆ ಕೂರುವುದನ್ನು. ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡು ಆಶಾ ಕಾರ್ಯಕರ್ತೆಯ ಹಿಂದೆ ಅಂಗಳಕ್ಕೆ ಕಾಲಿಟ್ಟರೆ, ಸಿಗುವುದು ಸರಕಾರಕ್ಕೆ ಕೊಡುವ ಉತ್ತರವೇ. 1999ರಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧಿಸಿದ ಮೇಲೆ ನನ್ನನ್ನು ಕಂಡವರ ಬೀಡಿ ಬೆನ್ನ ಹಿಂದೆ ಹೋಗುತ್ತಿತ್ತು. ಅಂಥವರು ನನಗೆ ನಿಜ ಹೇಳಿಯಾರೇ? ‘ಬಿಟ್ಟಿದ್ದೀರಾ’ ಎಂಬ ಪ್ರಶ್ನೆಯೇ ಬೇಡ. ‘ಮೊದಲ ಬೀಡಿ ಚಹಾಕ್ಕೆ ಮೊದಲೋ ಆಮೇಲೋ? ಒಂದು ಕಟ್ಟು ಎಷ್ಟು ದಿನಕ್ಕೆ ಬರುತ್ತದೆ, ಅದರಲ್ಲಿ ಯಾರಿಗೆಲ್ಲ ಪಾಲು?’ ಎಂದು ಕೇಳಲಿ. ನಿಕೋಟಿನ್ ಚಟ ಎಷ್ಟು ಗಟ್ಟಿ ಎಂದು ಅಳೆಯುವ ಫಾಗರ್‌ಸ್ಟ್ರಾಮ್ ಪ್ರಶ್ನಾವಳಿಯಲ್ಲಿ ಎದ್ದ ಐದು ನಿಮಿಷದೊಳಗೆ ಸೇದುವವನಿಗೆ 3 ಅಂಕ. ಆ ನಿಮಿಷಗಳನ್ನು ಗಡಿಯಾರ ನೋಡದವನ ಬಾಯಿಂದ ಹೊರಡಿಸುವುದು ಹೀಗೆಯೇ.

ಬಿಟ್ಟವರ ಲೆಕ್ಕ ಇನ್ನೂ ಕಷ್ಟ. ಬೀಡಿ ಬಿಟ್ಟವನು ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸತೊಡಗಿದರೆ ಉಸಿರಿನ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಸೌದೆ ಒಲೆಯ ಮುಂದೆ ಕೂತೆದ್ದ ಅಜ್ಜಿಯಲ್ಲಿ ಅದೇ ಅನಿಲ ಕಂಡರೂ ಕಂಡೀತು. ಜೊಲ್ಲಿನಲ್ಲಿ ಕೋಟಿನಿನ್ (ಮೈಯೊಳಗೆ ನಿಕೋಟಿನ್ ಮಾರ್ಪಟ್ಟು ಆಗುವ ವಸ್ತು) ಹುಡುಕುವ ಪರೀಕ್ಷೆ ಹೊಗೆಸೊಪ್ಪನ್ನು ಹಿಡಿಯುತ್ತದೆ, ಜೊತೆಗೆ ನಿಕೋಟಿನ್ ಗಮ್ ಅಗಿಯುವ ಪಾಪದವನನ್ನೂ! ಹಾಗಾಗಿ ಬೀಡಿ, ಹೊಗೆಸೊಪ್ಪು, ಗಮ್ ಮೂರನ್ನೂ ಬೇರೆ ಬೇರೆ ಕೇಳಿ ಬರೆದುಕೊಳ್ಳಲಿ.

ಬೀಡಿ ಕಟ್ಟಲು ಗೆರಸೆ ಮಡಿಲಲ್ಲಿಟ್ಟುಕೊಂಡ ಹೆಂಗಸಿನ ಮುಂದೆ ಕ್ಯಾನ್ಸರಿನ ಚಿತ್ರ ತೆಗೆಯಬೇಡಿ. ಅವಳ ಕೂಲಿಗೆ ಬದಲಿ ನಿಮ್ಮಲ್ಲಿಲ್ಲ.

ಮಂಜೇಶ್ವರದ ಮನೋರೋಗ ಶುಶ್ರೂಷಕಿ:
ಸ್ಕಿಜೋಫ್ರೀನಿಯಾದಂಥ ಕಾಯಿಲೆಗೆ ಕೊಡುವ ಕ್ಲೋಜಪೈನ್ ಎಂಬ ಔಷಧ ತೆಗೆದುಕೊಳ್ಳುವವರು ಸೇದುವುದನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ. ಔಷಧವನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಚುರುಕಾಗಿಟ್ಟದ್ದು ನಿಕೋಟಿನ್ ಅಲ್ಲ, ಹೊಗೆ. ಅತಿಯಾದ ತೂಕಡಿಕೆ, ಕೆಲವೊಮ್ಮೆ ಅಪಸ್ಮಾರದಂಥ ಸೆಳವೂ ಬರಬಹುದು. ಆದ್ದರಿಂದ ಬಿಡುವ ದಿನ ಗೊತ್ತುಮಾಡುವ ಮೊದಲೇ ಅವರ ವೈದ್ಯರಿಗೆ ತಿಳಿಸುವುದನ್ನು ಕಲಿಸಿ. ‘ಇವರಿಗೆ ಬೀಡಿಯೊಂದೇ ಸಮಾಧಾನ’ ಎಂಬ ವಾರ್ಡಿನ ಹಳೆಯ ಮಾತನ್ನು ಮಾತ್ರ ನಂಬಬೇಡಿ. 2014ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಬಂದ ವಿಶ್ಲೇಷಣೆಯಲ್ಲಿ, ಬಿಟ್ಟವರ ಖಿನ್ನತೆ, ಆತಂಕ ಎರಡೂ ತಗ್ಗಿದ್ದವು. ಮಾನಸಿಕ ಕಾಯಿಲೆ ಇದ್ದವರಲ್ಲೂ.

ಬದಿಯಡ್ಕದ ಸಂಶೋಧಕಿ:
ಇಬ್ಬರಿಗೂ ಧನ್ಯವಾದ. ಓದು ಬಾರದವರ ಒಪ್ಪಿಗೆಗೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಹೆಬ್ಬೆಟ್ಟು ಮತ್ತು ನಿಷ್ಪಕ್ಷಪಾತ ಸಾಕ್ಷಿ ಬೇಕು. ಬುಡಕಟ್ಟು ಮನೆಗಳಿಗೆ ಸರಕಾರ ನೇಮಿಸಿದ ಟ್ರೈಬಲ್ ಪ್ರೊಮೋಟರ್ ಸಾಕ್ಷಿಯಾಗಬಹುದೇ?

ಮುಳ್ಳೇರಿಯ ನಿವೃತ್ತ ಆರೋಗ್ಯ ನಿರೀಕ್ಷಕ:
ಬೇಡ. ಸರಕಾರದ ಸವಲತ್ತಿನ ದಾರಿ ಅವರ ಮೂಲಕ ಹಾದುಹೋಗುವಾಗ ಎದುರಿಗೆ ‘ಒಲ್ಲೆ’ ಎನ್ನುವ ಧೈರ್ಯ ಯಾರಿಗಿದೆ? ಆ ಮನೆಯವರೇ ಆರಿಸಿದ, ಓದು ಬಲ್ಲ ನೆರೆಯವರು ಇರಲಿ. ಬಿಡಬೇಕೆನ್ನುವವರಿಗೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-11-2356 ಬರೆದ ಚೀಟಿ ಕೊಡಿ; ನಿಮ್ಹಾನ್ಸ್ ಕೇಂದ್ರದವರು ಕನ್ನಡದಲ್ಲೂ ಮಲಯಾಳದಲ್ಲೂ ಮಾತನಾಡುತ್ತಾರೆ. ಕೊಡುವುದು ಪ್ರಶ್ನೆಗಳೆಲ್ಲ ಮುಗಿದ ಮೇಲೆ.